ಅಮಾವಾಸ್ಯೆ ನೋಡಿಕೊಂಡು ಅಂಡಮಾನ್‌ಗೆ ಹೋದೆವು: ದುಡ್ಡು ಕೊಡದೆ ನೋಡಿದ್ದೇ ಜಾಸ್ತಿ

ಸಾಗರದ ಪೇಟೆಯಲ್ಲಿ ಯಾರೇ ಸಿಕ್ಕಿದರೂ ಈಗ ಒಂದೇ ಪ್ರಶ್ನೆ, ಅಂಡಮಾನ್‌ಗೆ ಎಷ್ಟು ಖರ್ಚಾಯ್ತು? ವಿಮಾನ, ಹಡಗು, ರೂಮು, ಊಟ, ಇವಕ್ಕೆ ದುಡ್ಡು ಬೇಕೇ ಬೇಕು, ಅದರಲ್ಲಿ ಬಿಡಿಸಿ ಹೇಳೋದಕ್ಕೇನಿಲ್ಲ. ನಾನು ಹೇಳಬೇಕು ಅಂದುಕೊಂಡಿದ್ದು ಅಲ್ಲಿ ಇಳಿದ ಮೇಲಿನ ಮಾತು. ಪ್ಯಾಕೇಜಿನವರ ಪಟ್ಟಿ ನೋಡಿದರೆ ಸ್ಕೂಬಾ, ಸೀ ವಾಕ್, ಗಾಜಿನ ತಳದ ದೋಣಿ, ಜೆಟ್ ಸ್ಕೀ, ಎಲ್ಲದಕ್ಕೂ ತಲೆಗಿಷ್ಟು ಅಂತ ರೇಟು. ಮಾಡುವವರು ಮಾಡಲಿ. ನಾವು ಹೋಗಿದ್ದು ಅಪ್ಪ, ಅಮ್ಮ, ನಾನು, ನಮ್ಮನೆಯವರು, ಇಬ್ಬರು ಮಕ್ಕಳು. ಪಟ್ಟಿಯಲ್ಲಿದ್ದ ಒಂದನ್ನೂ ಮಾಡಲಿಲ್ಲ, ಆದರೂ ದಿನ ಸಾಲಲಿಲ್ಲ. ದ್ವೀಪದಲ್ಲಿ ಚೆಂದ ಇರುವುದು ಹೆಚ್ಚುಕಮ್ಮಿ ಎಲ್ಲವೂ ಪುಕ್ಕಟೆ. ಆದರೆ ಒಂದೊಂದಕ್ಕೂ ಒಂದು ಹೊತ್ತು ಇದೆ. ಆ ಹೊತ್ತಿಗೆ ನಾವು ಅಲ್ಲಿರಬೇಕು.

ಮೊದಲು ಸೂರ್ಯನ ಹೊತ್ತು. ಅಂಡಮಾನ್ ನಮ್ಮಿಂದ ಅಷ್ಟು ದೂರ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಸಾಗರಕ್ಕಿಂತ ಒಂದು ಗಂಟೆ ಹತ್ತು ನಿಮಿಷದಷ್ಟು ಮುಂಚೆ ಅಲ್ಲಿ ಬೆಳಗಾಗುತ್ತದೆ, ಅಷ್ಟೇ ಮುಂಚೆ ಕತ್ತಲೂ ಆಗುತ್ತದೆ. ನಾವು ಹೋದ ಚಳಿಗಾಲದ ಕೊನೆಯಲ್ಲಿ ಸಂಜೆ ಐದೂವರೆ ಸುಮಾರಿಗೆ ಸೂರ್ಯ ಮುಳುಗುತ್ತಿದ್ದ. ಊರಿನ ಲೆಕ್ಕದಲ್ಲಿ ಎಂಟು ಗಂಟೆಗೆ ತಿಂಡಿ, ಮಧ್ಯಾಹ್ನ ಒಂದು ನಿದ್ದೆ, ನಾಲ್ಕೂವರೆಗೆ ಚಾ ಕುಡಿದು ಹೊರಡೋದು ಅಂತ ಮಾಡಿದರೆ ಅರ್ಧ ದಿನ ಹೋಯ್ತು. ನಾವು ಬೆಳಗಿನ ಜಾವವೇ ಎದ್ದು ದಂಡೆಗೆ ಹೋಗುತ್ತಿದ್ದೆವು, ಹತ್ತು ಗಂಟೆಯ ಬಿಸಿಲಿಗೆ ವಾಪಸ್ಸು, ಮತ್ತೆ ಮೂರಕ್ಕೆ ಹೊರಗೆ. ತೋಟದ ಮನೆಯವರಿಗೆ ಬೆಳಿಗ್ಗೆ ಏಳೋದು ಕಷ್ಟವೇನಲ್ಲ, ಅಲ್ವಾ.

ಯಾವ ದಂಡೆಗೆ ಯಾವಾಗ ಅನ್ನೋದಕ್ಕೆ ದಿಕ್ಕು ನೋಡಿದರೆ ಸಾಕು. ಹ್ಯಾವ್‌ಲಾಕ್‌ನಲ್ಲಿ, 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ, ಕಾಲಾಪತ್ಥರ್ ಪೂರ್ವಕ್ಕಿದೆ, ರಾಧಾನಗರ ಪಶ್ಚಿಮಕ್ಕಿದೆ. ನೀಲ್‌ನಲ್ಲಿ, ಅಂದರೆ ಶಹೀದ್ ದ್ವೀಪದಲ್ಲಿ, ಸೀತಾಪುರ ಪೂರ್ವಕ್ಕೆ, ಲಕ್ಷ್ಮಣಪುರ ಪಶ್ಚಿಮಕ್ಕೆ. ಸೂರ್ಯ ಸಮುದ್ರದಿಂದ ಏಳೋದನ್ನು ನಾವು ಮಲೆನಾಡಿನವರು ನೋಡೋದೇ ಅಪರೂಪ. ಆಗುಂಬೆ ಇರಲಿ, ಕೊಡಚಾದ್ರಿ ಇರಲಿ, ಗೋಕರ್ಣ ಇರಲಿ, ನಮ್ಮ ಕಡಲು ಯಾವತ್ತೂ ಸಂಜೆಯ ಕಡಲೇ. ಬೆಳಗಿನ ಕಡಲು ನೋಡಲಿಕ್ಕೇ ಕಾಲಾಪತ್ಥರ್‌ಗೆ ಹೋಗಬೇಕು. ಕಪ್ಪು ಬಂಡೆ, ನಡುವೆ ಬಿಳಿ ಮರಳು, ದಂಡೆಯಂಚಿಗೆ ಕೇದಿಗೆಯ ಹಿಂಡಲು. ಅಮ್ಮ ಸೂರ್ಯನಿಗೆ ಕೈ ಮುಗಿದವಳು ಆ ಕಡೆ ತಿರುಗಿ "ಏ, ಇಲ್ಲೂ ಕೇದಿಗೆ ಉಂಟೇ!" ಅಂತ ಹೂವು ಹುಡುಕಲು ಹೊರಟಳು. ಹೂವು ಸಿಗಲಿಲ್ಲ, ಅನಾನಸಿನ ಹಾಗೆ ಕಾಯಿ ಬಿಟ್ಟಿತ್ತು.

ಎರಡನೆಯದು ಸಮುದ್ರದ ಹೊತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮ ಇಡೀ ಪ್ರವಾಸ ನಿಂತಿದ್ದೇ ಇದರ ಮೇಲೆ. ಅಂಡಮಾನ್‌ನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಈ ಹೊತ್ತು ದಿನಾ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಇವತ್ತು ಏಳಕ್ಕೆ ಇಳಿತ ಇದ್ದರೆ ನಾಳೆ ಎಂಟರ ಹತ್ತಿರ. ಇನ್ನು ನೀರು ಎಷ್ಟು ಇಳಿಯುತ್ತದೆ ಅನ್ನೋದು ತಿಥಿಯ ಮೇಲೆ. ಸೂರ್ಯ ಚಂದ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನಗಳಲ್ಲಿ ಉಬ್ಬರ ತೀರಾ ಮೇಲೆ ಬರುತ್ತದೆ, ಇಳಿತದಲ್ಲಿ ತೀರಾ ಕೆಳಗೂ ಹೋಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅಷ್ಟಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಮಾವಾಸ್ಯೆ ಹೊತ್ತಿಗೆ ಅಲ್ಲಿ ನೀರು ಹತ್ತಿರ ಹತ್ತಿರ ಒಂದಾಳೆತ್ತರ ಏರಿ ಇಳಿಯುತ್ತದೆ. ಅಂದರೆ ಬೆಳಿಗ್ಗೆ ಕುತ್ತಿಗೆವರೆಗೆ ನೀರು ಇದ್ದ ಜಾಗದಲ್ಲಿ ಮಧ್ಯಾಹ್ನ ಕಾಲು ನೆನೆಯದೆ ನಡೆಯಬಹುದು. ಹವಳದ ಬಂಡೆ, ಅದರ ಹೊಂಡಗಳಲ್ಲಿನ ಜೀವಗಳು ಕಾಣುವುದು ಆಗಲೇ.

ಹುಣ್ಣಿಮೆ ಬಿಟ್ಟು ಅಮಾವಾಸ್ಯೆ ಆರಿಸಿದ್ದಕ್ಕೆ ಇನ್ನೊಂದು ಕಾರಣ ರಾತ್ರಿಯ ಆಕಾಶ. ಅಪ್ಪನಿಗೆ ಅಡಿಕೆಯ ಕೊನೆಕೊಯ್ಲು ಮುಗಿಯದೆ ಮನೆ ಬಿಡಲು ಆಗುವುದಿಲ್ಲ, ಮಕ್ಕಳ ಪರೀಕ್ಷೆ ಶುರುವಾಗುವ ಮೊದಲು ವಾಪಸ್ ಬರಬೇಕು. ಗೋಡೆಯ ಕ್ಯಾಲೆಂಡರ್ ತೆಗೆದು ನೋಡಿದರೆ ಸರಿಯಾಗಿ ನಡುವೆ ಅವರಾತ್ರಿ ಅಮಾವಾಸ್ಯೆ ಬಿದ್ದಿತ್ತು. ಅಮ್ಮ ಒಪ್ಪಲಿಲ್ಲ. "ಅಮಾಸೆ ದಿನ ಸಮುದ್ರ ದಾಟೂದಾ? ಬ್ಯಾಡ ಮಾರಾಯ್ತಿ." ಕೊನೆಗೆ ಅಮಾವಾಸ್ಯೆಗೆ ಮುಂಚೆಯೇ ನೀಲ್ ಮುಟ್ಟುವ ಹಾಗೆ, ಆ ದಿನ ಯಾವ ಹಡಗೂ ಹತ್ತದ ಹಾಗೆ ಟಿಕೆಟ್ ಮಾಡಿಸಿದೆ. ಅಮ್ಮನಿಗೂ ಸಮಾಧಾನ, ನನ್ನ ಲೆಕ್ಕಕ್ಕೂ ಅದೇ ಬೇಕಿತ್ತು. ಗಂಟೆ ನಿಮಿಷದ ಲೆಕ್ಕ ಬೇಕಾದವರಿಗೆ ಸರ್ವೆ ಆಫ್ ಇಂಡಿಯಾದವರು ವರ್ಷವರ್ಷ ಉಬ್ಬರವಿಳಿತದ ಪಟ್ಟಿ ಹೊರಡಿಸುತ್ತಾರೆ, ಮೊಬೈಲಿನಲ್ಲೂ ಸಿಗುತ್ತದೆ. ರೂಮಿನವರನ್ನು, ಮೀನು ಹಿಡಿಯುವವರನ್ನು ಕೇಳಿದರೆ ಇನ್ನೂ ಸುಲಭ.

ನೀಲ್ ಚಿಕ್ಕ ದ್ವೀಪ. ಒಂದು ದಂಡೆಯಿಂದ ಇನ್ನೊಂದಕ್ಕೆ ಕೆಲವೇ ಕಿಲೋಮೀಟರ್, ನಡಿಗೆ ಅಭ್ಯಾಸ ಇದ್ದವರಿಗೆ ಗಾಡಿಯೇ ಬೇಡ. ಲಕ್ಷ್ಮಣಪುರದ ಎರಡನೇ ದಂಡೆಯಲ್ಲಿ ಹವಳದ ಕಲ್ಲಿನ ಸೇತುವೆ ಇದೆ. ಅಲೆ ತಳ ಕೊರೆದು ಕೊರೆದು ಮೇಲೆ ಕಮಾನು ಉಳಿದಿದೆ, ಅದರ ಮೇಲೆ ಗಿಡ ಬಳ್ಳಿ. ಅಲ್ಲಿ ನೆಲೆಸಿದ ಬಂಗಾಳಿಗಳು ಅದನ್ನು ಹೌರಾ ಬ್ರಿಜ್ ಅಂತಲೇ ಕರೆಯುತ್ತಾರೆ. ಇಳಿತ ಇಲ್ಲದಾಗ ಹೋದರೆ ಅಲ್ಲಿವರೆಗೆ ನಡೆಯೋದೇ ಕಷ್ಟ. ಬಹಳ ಜನ ಹಡಗಿಳಿದ ಕೂಡಲೇ ಆಟೋ ಮಾಡಿ ಬಂದು, ಕಮಾನಿನ ಕೆಳಗೆ ಒಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಾವು ಇಳಿತಕ್ಕೆ ಒಂದೂವರೆ ಗಂಟೆ ಮುಂಚೆಯೇ ಹೋಗಿ ಕೂತೆವು. ನೀರು ಹಿಂದೆ ಹೋದ ಹಾಗೆ ನಾವೂ ಹಿಂದೆ ಹಿಂದೆ.

ಇಲ್ಲಿ ಅವಸರ ಮಾಡಬಾರದು. ಒಂದು ಹೊಂಡ ಆರಿಸಿಕೊಂಡು ಪಕ್ಕದ ಬರಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು, ನೆರಳು ನೀರಿನ ಮೇಲೆ ಬೀಳಬಾರದು. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಲ್ಲು ಅಂದುಕೊಂಡಿದ್ದು ಮೆಲ್ಲಗೆ ಸರಿಯುತ್ತದೆ, ಅದು ಸಮುದ್ರ ಸೌತೆ, ಕಪ್ಪಗೆ, ಗೇಣುದ್ದ. ಸಂದಿಯಿಂದ ಸಪೂರ ಕೈಯೊಂದು ಹೊರಗೆ ಬಂದು ತಡಕಾಡುತ್ತದೆ, ಅದು ನಕ್ಷತ್ರಮೀನಿನ ಜಾತಿಯದು. ಬೆರಳುಗಾತ್ರದ ನೀಲಿ ಮೀನು ಒಂದೇ ಹವಳದ ಸುತ್ತ ಕಾವಲು ತಿರುಗುತ್ತಿರುತ್ತದೆ. ಒಂದು ಕಡೆ ದೊಡ್ಡ ಕಪ್ಪೆಚಿಪ್ಪು ಬಾಯಿ ತೆರೆದಿತ್ತು, ತುಟಿಯ ಬಣ್ಣ ನೀಲಿಯೋ ನೇರಳೆಯೋ ಹೇಳಲು ಬರುವುದಿಲ್ಲ. ಮಗ ಬಗ್ಗಿದ, ಅವನ ನೆರಳು ಬಿದ್ದಿದ್ದೇ ತಡ ಅದು ಪಟ್ಟನೆ ಮುಚ್ಚಿತು. ಆಮೇಲೆ ಅದು ಮತ್ತೆ ತೆರೆಯುವವರೆಗೆ ಅವನು ಉಸಿರು ಬಿಗಿಹಿಡಿದು ಕಾದ. ಮನೆಯಲ್ಲಿ ಐದು ನಿಮಿಷ ಕೂತಲ್ಲಿ ಕೂರದ ಹುಡುಗ.

ಕಾಲಿಗೆ ಹಿಂದೆ ಬೆಲ್ಟ್ ಇರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಹಾವಸೆ ಹಿಡಿದ ಕಲ್ಲು ಜಾರುತ್ತದೆ, ಹವಳ ತಾಗಿದರೆ ಚರ್ಮ ಕೊಯ್ಯುತ್ತದೆ, ಆ ಗಾಯ ಬೇಗ ಒಣಗುವುದೂ ಇಲ್ಲ. ಅದಕ್ಕಿಂತ ಮುಖ್ಯ, ಹವಳದ ಮೇಲೆ ಕಾಲಿಡಬೇಡಿ. ಅದು ಜೀವ ಇರುವಂಥದ್ದು, ವರ್ಷಕ್ಕೆ ಇಷ್ಟಿಷ್ಟೇ ಬೆಳೆಯುವಂಥದ್ದು. ಮರಳಿರುವಲ್ಲಿ, ಬರಿ ಕಲ್ಲಿರುವಲ್ಲಿ ಮಾತ್ರ ಹೆಜ್ಜೆ ಇಡಬೇಕು, ಯಾವುದನ್ನೂ ಎತ್ತಿ ನೋಡಬಾರದು. ಸತ್ತ ಹವಳದ ತುಂಡನ್ನೂ ಮನೆಗೆ ತರುವ ಹಾಗಿಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ನೋಡುತ್ತಾರೆ. ಖಾಲಿ ಶಂಖವನ್ನೂ ಮಕ್ಕಳ ಕೈಯಲ್ಲಿ ಅಲ್ಲೇ ಬಿಡಿಸಿದೆವು. ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆಲ್ಲ ದೊಡ್ಡ ಖಾಲಿ ಶಂಖ ಹುಡುಕಿ ಮನೆ ಬದಲಿಸುತ್ತದೆ. ನಾವು ಶೋಕೇಸಿಗೆ ತಂದರೆ ಅದಕ್ಕೆ ಒಂದು ಮನೆ ಕಮ್ಮಿ.

ಇಳಿತದಲ್ಲಿ ಮರಳಿನ ಮೇಲೂ ನೋಡುವುದಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಸಾವಿರಗಟ್ಟಲೆ, ನಡುವೆ ಒಂದು ತೂತು, ಸುತ್ತ ರಂಗೋಲಿಯ ಎಳೆಗಳಂತೆ ಸಾಲು. ಅದು ಪುಟ್ಟ ಏಡಿಯ ಊಟದ ಕೆಲಸ. ಮರಳನ್ನು ಬಾಯಿಗೆ ಹಾಕಿ ಅದರಲ್ಲಿನ ಸೂಕ್ಷ್ಮ ಆಹಾರ ಹೀರಿಕೊಂಡು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತದೆ. ಉಬ್ಬರ ಬಂದರೆ ಎಲ್ಲ ಅಳಿಸಿ ಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು. ಮಗಳು ಇದರ ಪಕ್ಕ ಹೊಟ್ಟೆ ಅಡಿ ಮಾಡಿ ಮಲಗಿ ಒಂದು ಇಡೀ ಬೆಳಿಗ್ಗೆ ಕಳೆದಳು.

ಆ ರಾತ್ರಿ ಲಕ್ಷ್ಮಣಪುರದ ದಂಡೆಯಲ್ಲಿ, ನೀರಿನಿಂದ ದೂರ, ಚಾಪೆ ಹಾಸಿ ಮಲಗಿ ನಕ್ಷತ್ರ ನೋಡಿದೆವು. ನಮ್ಮೂರಲ್ಲಿ ಕತ್ತಲೇನೋ ಇದೆ, ಆದರೆ ಸುತ್ತ ಅಡಿಕೆ ಮರ, ಅದರಾಚೆ ಗುಡ್ಡ, ತಲೆ ಮೇಲಿನ ಆಕಾಶ ಬಿಟ್ಟರೆ ಇನ್ನೇನು ಕಾಣುತ್ತದೆ? ದಂಡೆಯಲ್ಲಿ ಆಕಾಶ ನೀರಿನ ತನಕ ಇಳಿದಿರುತ್ತದೆ. ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರವನ್ನು ಅಪ್ಪ ಮಕ್ಕಳಿಗೆ ತೋರಿಸಿದರು. ಸಿರಿಯಸ್ ಬಿಟ್ಟರೆ ಇಡೀ ಆಕಾಶದಲ್ಲಿ ಅದೇ ಹೆಚ್ಚು ಹೊಳೆಯುವ ನಕ್ಷತ್ರ.

ನೀಲ್‌ನ ಒಳದಾರಿಗಳಲ್ಲಿ ಸುಮ್ನೆ ನಡೆಯೋದೂ ಒಂದು ಸುಖ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲೆಲ್ಲ ಜಮೀನು ಕೊಟ್ಟಿತ್ತು. ಅವರ ಮಕ್ಕಳು ಮೊಮ್ಮಕ್ಕಳು ಈಗ ತರಕಾರಿ, ತೆಂಗು, ಅಡಿಕೆ ಬೆಳೆಯುತ್ತಾರೆ. ಅಡಿಕೆ ಮರ ಕಂಡಿದ್ದೇ ಅಪ್ಪ ಬೇಲಿ ಹತ್ತಿರ ನಿಂತರು, ಇನ್ನು ಮುಂದೆ ಹೋಗಲಿಲ್ಲ. ಮನೆಯವರು ಒಳಗೆ ಕರೆದರು. ಅಪ್ಪನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಗೊತ್ತಿಲ್ಲ. ಅಪ್ಪ ಮರದಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆದರು, ಅಡಿಕೆ ಒಂದು ಕೇಳಿ ಕತ್ತರಿಸಿ ಒಳಗಿನ ಗೆರೆ ನೋಡಿದರು, ಕೈಸನ್ನೆಯಲ್ಲೇ ನೀರಿನ ವಿಚಾರ, ಕೂಲಿಯ ವಿಚಾರ, ರೇಟಿನ ವಿಚಾರ ಎಲ್ಲ ಆಯ್ತು. ಆ ಯಜಮಾನರು ಎಳನೀರು ಕೆತ್ತಿ ಕೊಟ್ಟರು, ದುಡ್ಡು ಎಷ್ಟು ಹೇಳಿದರೂ ಮುಟ್ಟಲಿಲ್ಲ. "ಬಸಿಗಾಲುವೆ ಇಲ್ಲ ಇವರಲ್ಲಿ, ಆದರೂ ತೋಟ ಚೊಕ್ಕ ಉಂಟು" ಅಂತ ಅಪ್ಪ ರೂಮಿಗೆ ಬರುವವರೆಗೂ ಅದೇ ಮಾತು.

ಹ್ಯಾವ್‌ಲಾಕ್‌ನ ರಾಧಾನಗರದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಹೊಗಳಿದ್ದರಲ್ಲಿ ಸುಳ್ಳಿಲ್ಲ. ಚೊಕ್ಕವಾಗಿ, ಸುರಕ್ಷಿತವಾಗಿ ಇಟ್ಟುಕೊಂಡ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ದಂಡೆ ಅದು. ಜೆಟ್ಟಿಯಿಂದ ಬಸ್ಸಿದೆ. ನನಗೆ ಮರಳಿಗಿಂತ ಹೆಚ್ಚು ಹಿಡಿಸಿದ್ದು ದಂಡೆಯ ಹಿಂದಿನ ಕಾಡು, ಎತ್ತರದ ಕಡಲ ಮಹುವಾ ಮರಗಳು. ಅಂಡಮಾನಿನ ಹೆಸರುವಾಸಿ ಪದೌಕ್ ಮರವೂ ನಮ್ಮ ಹೊನ್ನೆ ಮರದ ದಾಯಾದಿಯೇ, ಒಂದೇ ಕುಲ. ಜನ ಎಲ್ಲ ದಾರಿ ಸೇರುವಲ್ಲೇ ಗುಂಪಾಗಿರುತ್ತಾರೆ. ಬಲಗಡೆಗೆ ಹತ್ತು ಹದಿನೈದು ನಿಮಿಷ ನಡೆದರೆ ನೀವು, ಸಮುದ್ರ, ಅಷ್ಟೇ. ಆದರೆ ಈಜುವುದಿದ್ದರೆ ಜೀವರಕ್ಷಕರು ಇರುವಲ್ಲೇ ಇಳಿಯಿರಿ. ಅಲ್ಲಿ ಉಪ್ಪುನೀರಿನ ಮೊಸಳೆ ನಿಜವಾಗಿಯೂ ಇದೆ. ಹಳ್ಳ ಸಮುದ್ರ ಸೇರುವಲ್ಲಿ, ಕಾಂಡ್ಲಾ ಕಾಡಿನ ಬುಡದಲ್ಲಿ ಎಚ್ಚರಿಕೆಯ ಬೋರ್ಡ್ ಹಾಕಿದ್ದಾರೆ, ಕತ್ತಲಾದ ಮೇಲೆ ನೀರಿಗೆ ಕಾಲೂ ಇಡಬಾರದು.

ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಾಗಿದೆ. ಸೆಲ್ಯುಲರ್ ಜೈಲಿಗೆ ಟಿಕೆಟ್ ಇದೆ, ಅದನ್ನು ಮಾತ್ರ ದಯವಿಟ್ಟು ಉಳಿಸಲು ಹೋಗಬೇಡಿ, ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ. ಉಳಿದಂತೆ ಕಾರ್ಬಿನ್ಸ್ ಕೋವ್ ಕಡೆಗಿನ ಕಡಲ ರಸ್ತೆ ನಡೆಯಲು ಚೆನ್ನಾಗಿದೆ. 1942ರಿಂದ 1945ರವರೆಗೆ ದ್ವೀಪ ಹಿಡಿದಿಟ್ಟುಕೊಂಡಿದ್ದ ಜಪಾನಿಯರ ಬಂಕರ್‌ಗಳು ದಾರಿ ಪಕ್ಕದಲ್ಲೇ ಇವೆ. ಸಂಜೆಗೆ ಚಿಡಿಯಾ ಟಾಪು, ಪೇಟೆಯಿಂದ ಇಪ್ಪತ್ತೈದು ಕಿಲೋಮೀಟರ್, ಕಾಡಿನ ದಾರಿ, ಮೂರು ಗಂಟೆಗಾದರೂ ಹೊರಟರೆ ಸೂರ್ಯಾಸ್ತ ಸಿಗುತ್ತದೆ.

ಆದರೆ ನಮ್ಮ ಕಡೆಯವರು ತಪ್ಪದೆ ನೋಡಬೇಕಾದ್ದು ವಂಡೂರಿಗೆ ಹೋಗುವ ದಾರಿಯ ಸಿಪ್ಪಿಘಾಟ್. ಯಾವ ಪಟ್ಟಿಯಲ್ಲೂ ಇದು ದೊಡ್ಡದಾಗಿ ಇರುವುದಿಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಸುನಾಮಿ ನೀರು ಗದ್ದೆಗಳಿಗೆ ನುಗ್ಗಿತು, ನೆಲ ತಗ್ಗಾಗಿದ್ದರಿಂದ ಪೂರ್ತಿ ವಾಪಸ್ ಹೋಗಲೇ ಇಲ್ಲ. ಈಗ ಅದು ಜೌಗು, ಕೊಕ್ಕರೆ, ನೀರುಕೋಳಿಗಳು ತುಂಬಿವೆ, ರಸ್ತೆಯಲ್ಲಿ ನಿಂತೇ ನೋಡಬಹುದು. ಮಕ್ಕಳು ಹಕ್ಕಿ ಎಣಿಸುತ್ತಿದ್ದರು. ಅಪ್ಪ ಮಾತಾಡಲಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ನಮ್ಮ ಹಳೇಮನೆ, ಗದ್ದೆ, ತೋಟ ಮುಳುಗಡೆಯಾಗಿದ್ದು, ಅಪ್ಪ ಆಗ ಚಿಕ್ಕ ಹುಡುಗ. ಸ್ವಲ್ಪ ಹೊತ್ತಿನ ಮೇಲೆ "ಇವರಿಗೆ ಗಂಟುಮೂಟೆ ಕಟ್ಟಲಿಕ್ಕೂ ಟೈಮ್ ಸಿಕ್ಕಲಿಲ್ಲ" ಅಂದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಬರುತ್ತದಲ್ಲ, ಅದನ್ನು ಮೊಮ್ಮಕ್ಕಳಿಗೆ ತೋರಿಸಬೇಕು ಅಂತ ಅಪ್ಪನೇ ಅಲ್ಲಿ ನಿಂತು ಹೇಳಿದ್ದು. ಈ ವರ್ಷ ನೀರು ಇಳಿದ ಕೂಡಲೇ ಹೊರಡುವುದು ಅಂತ ನಿಶ್ಚಯವಾಗಿದೆ.

ಅಷ್ಟು ದೂರ ಹೋಗಲು ಆಗದವರು ಇದೇ ತಿಥಿ ಲೆಕ್ಕವನ್ನು ಗೋಕರ್ಣದಲ್ಲಿ ಹಾಕಿ ನೋಡಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಒಂದರಿಂದ ಇನ್ನೊಂದಕ್ಕೆ ಗುಡ್ಡದ ಕಾಲುದಾರಿಯಲ್ಲಿ ನಡೆಯಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಅಂಡಮಾನಿನ ಹವಳ ಅಲ್ಲಿಲ್ಲ, ಆದರೆ ಅಮಾವಾಸ್ಯೆಯ ಇಳಿತದಲ್ಲಿ ಓಂ ದಂಡೆಯ ಬಂಡೆಗಳ ಸಂದಿಯಲ್ಲಿ ಏಡಿ, ಚಿಪ್ಪು, ಪುಟ್ಟ ಮೀನು ಬೇಕಾದಷ್ಟು. ಬೆಳಿಗ್ಗೆ ಇಳಿತ ಇರುವ ದಿನ ನೋಡಿಕೊಂಡು ಹಿಂದಿನ ರಾತ್ರಿಯೇ ಅಲ್ಲಿ ಹೋಗಿ ಉಳಿದುಕೊಳ್ಳಿ, ಬೆಳಿಗ್ಗೆ ಸಾಗರದಿಂದ ಹೊರಟರೆ ಘಾಟಿ ಇಳಿಯುವಷ್ಟರಲ್ಲಿ ನೀರು ಏರಿರುತ್ತದೆ.