ಅಂಗಡಿ ಮುಂದೆ ಒಂದು ಸುತ್ತು ಹೊಡೆದರೆ ಟೆಸ್ಟ್ ರೈಡ್ ಆಗುವುದಿಲ್ಲ

ಗಿಯರ್ ಸೈಕಲ್ ಮಾರುವ ಮೊದಲು ಗಿರಾಕಿಯನ್ನು ಇಂದ್ರಾಳಿ ದಾಟಿ ಮಣಿಪಾಲದ ಏರಿಗೆ ಕಳಿಸುತ್ತೇನೆ ಎಂದಾಗ ಉಡುಪಿಯ ಬೇರೆ ಅಂಗಡಿಯವರು ನಕ್ಕಿದ್ದರು. "ಟೈರಿಗೆ ಮಣ್ಣು ಹಿಡಿದ ಸೈಕಲ್ ಯಾರು ತಗೊಳ್ತಾರೆ ಮಾರಾಯ್ರೆ?" ಈಗ ಮಂಡಿನೋವಿನ ಗಿರಾಕಿಗಳನ್ನು ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಸಮತಟ್ಟು ರಸ್ತೆಯಲ್ಲಿ ಎರಡು ನಿಮಿಷಕ್ಕೆ ಎಲ್ಲ ಸೈಕಲ್ಲೂ ಚಂದವೇ. ಕೈ ಮರಗಟ್ಟುವುದು ಇಪ್ಪತ್ತು ನಿಮಿಷದ ಮೇಲೆ. ಸೀಟು ಜಾಸ್ತಿ ಎತ್ತರವಾಗಿದ್ದರೆ ಏರಿನಲ್ಲಿ ಸೊಂಟ ಆಚೀಚೆ ಓಲಾಡುತ್ತದೆ, ಹಿಂದಿನಿಂದ ನೋಡಿದರೆ ಸಾಕು. ಆದ್ದರಿಂದ ಮೊದಲು ಫಿಟ್ಟಿಂಗ್, ಅಂದರೆ ಸೀಟು, ಹ್ಯಾಂಡಲ್ ಮೈಯ ಅಳತೆಗೆ ಹೊಂದಿಸುವುದು, ಆಮೇಲೆ ರೈಡ್.

ಶುರುವಿನಲ್ಲಿ ಎಲ್ಲರೂ ಹೇಳುವ 0.883ರ ಲೆಕ್ಕ ಹಿಡಿದೆ. ಕಾಲಿನ ಒಳ ಅಳತೆ, ಅಂದರೆ ತೊಡೆಸಂದಿಯಿಂದ ನೆಲಕ್ಕೆ, 80 ಸೆಂ.ಮೀ. ಇದ್ದರೆ ಅದನ್ನು 0.883ರಿಂದ ಗುಣಿಸಿ, ಪೆಡಲ್ ಕಡ್ಡಿ ತಿರುಗುವ ನಡುಬಿಂದುವಿನಿಂದ ಸೀಟಿನ ಎತ್ತರ 70.6. ಅದು ಬೂಟನ್ನು ಪೆಡಲಿಗೆ ಸಿಕ್ಕಿಸುವ ಕ್ಲಿಪ್ ಪೆಡಲ್ ಹಾಕುವ ರೇಸಿನವರ ಲೆಕ್ಕ. ನಮ್ಮವರು ಬರುವುದು ಹವಾಯಿ ಚಪ್ಪಲಿಯಲ್ಲಿ! ಹೆಚ್ಚಿನವರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಸಬೇಕಾಯಿತು. ಈಗ ಹಿಮ್ಮಡಿ ಪೆಡಲ್ ಮೇಲೆ ಇಡಿಸಿ, ಕೆಳಗೆ ಬಂದಾಗ ಕಾಲು ನೆಟ್ಟಗಾಗುತ್ತದಾ ನೋಡುತ್ತೇನೆ. ಅಷ್ಟೇ.

ಒಬ್ಬರು ನಿವೃತ್ತ ಮಾಷ್ಟ್ರು ಏರು ಹತ್ತಿ ವಾಪಸ್ ಬಂದರು. "ಕೈ ಹೇಗುಂಟು ಮಾಷ್ಟ್ರೇ?" "ಜುಮ್ಮೆನ್ನುತ್ತದೆ." ಹ್ಯಾಂಡಲನ್ನು ಮುಂದಕ್ಕೆ ಹಿಡಿದಿಡುವ 90 ಮಿ.ಮೀ. ಸ್ಟೆಮ್ ಬಿಚ್ಚಿ 60ರದ್ದು ಹಾಕಿ ಮತ್ತೆ ಓಡಿಸಿದೆ. ಬಂದವರೇ ಬಿಲ್ ಕೇಳಿದರು. ಫ್ರೇಮೇ ದೊಡ್ಡದಾದರೆ ಸ್ಟೆಮ್ಮಿನಿಂದ ಏನೂ ಆಗುವುದಿಲ್ಲ, ಮಾರುವುದೇ ಇಲ್ಲ.

ದುಡ್ಡಿನ ಕಥೆ ಬೇರೆ. ಎರಡು ಸೈಜಿನ ಡೆಮೊ ಸೈಕಲ್ಲಿಗೆ ಐವತ್ತು ಸಾವಿರದ ಹತ್ತಿರ ಸಿಕ್ಕಿಬಿತ್ತು. ಮಲ್ಪೆ ಕಡೆಯ ಉಪ್ಪುಗಾಳಿಗೆ ಚೈನು ತುಕ್ಕು ಹಿಡಿಯಿತು. ಮಳೆಗಾಲ ಕಳೆದ ಮೇಲೆ ಮೂರ್ನಾಲ್ಕು ಸಾವಿರ ಕಮ್ಮಿಗೆ ಕೊಟ್ಟೆ. ಇನ್ನು ಕೆಲವರು ಇಲ್ಲಿ ಅಳತೆ ತೆಗೆಸಿಕೊಂಡು ಆನ್‌ಲೈನಿನಲ್ಲಿ ತರಿಸಿದರು. ಈಗ ರೈಡಿಗೆ ಇನ್ನೂರು ರೂಪಾಯಿ, ಸೈಕಲ್ ಕೊಂಡರೆ ಬಿಲ್ಲಿನಲ್ಲಿ ಕಳೆಯುತ್ತೇನೆ. ಹೊರಗಿನ ಸೈಕಲ್ಲಿಗೆ ಫಿಟ್ಟಿಂಗ್ ಐನೂರು. ಅದೇ ಗಿರಾಕಿಗಳು ಕೊಟ್ಟು ಮಾಡಿಸುತ್ತಾರೆ!

ಬೆಂಗಳೂರಿಗೆ ಹೋಗಿ ಸಾವಿರಗಟ್ಟಲೆ ಕೊಟ್ಟು ಫಿಟ್ಟಿಂಗ್ ಮಾಡಿಸಬೇಕಾ? ಮಲ್ಪೆ, ಕಾಪು ಅಂತ ಓಡಾಡುವವರಿಗೆ ಸುಮ್ನೆ ಖರ್ಚು. ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, 200 ಕಿ.ಮೀ. ಬ್ರೆವೆಗೆ ಇಳಿಯುವವರ ವಿಷಯ ಬೇರೆ. ಹದಿಮೂರೂವರೆ ಗಂಟೆಯ ಗಡುವು, ಕಾಲು ಕ್ಲಿಪ್ಪಿಗೆ ಸಿಕ್ಕಿಸಿದ್ದು. ಅಂಥವರನ್ನು ನಾನೇ ಕಳಿಸುತ್ತೇನೆ. ಒಂದು ಕಾಲು ಗಿಡ್ಡ ಇದ್ದವರನ್ನೂ ಅಷ್ಟೆ.

ಸೀಟಿನ ಅಗಲಕ್ಕೆ ಸೇಬಿನ ಪೆಟ್ಟಿಗೆಯ ರಟ್ಟು ಹಾಕಿ ಕೂರಿಸಿ ನೋಡಿದೆ. ಮೂಳೆಯ ಗುರುತು ಬೀಳುತ್ತದೆ, ಎರಡು ಗುಳಿಯ ನಡುವಿನ ಅಂತರಕ್ಕೆ ಎರಡು ಸೆಂಟಿಮೀಟರ್ ಸೇರಿಸಿದರೆ ಸೀಟಿನ ಅಗಲ. ಜುಲೈಯಲ್ಲಿ ರಟ್ಟೇ ಮೆತ್ತಗಾಗಿ ಗುರುತು ಹರಡಿಹೋಯಿತು. ಈಗ ಅದಕ್ಕೆ ಬೇರೆ ಸಾಮಾನು ಹಾಕುತ್ತೇನೆ. ಏನು ಅಂತ ಕೇಳಬೇಡಿ, ಪಕ್ಕದ ಅಂಗಡಿಯವರೂ ಇದನ್ನು ಓದುತ್ತಾರೆ.