ಕರಾವಳಿಯ ಮನೆಯಲ್ಲಿ ಒಡವೆ ಕಾಯುವ ಕೆಲಸ

ಉಡುಪಿ ಜಿಲ್ಲೆಯ ನಮ್ಮ ಮನೆಯಲ್ಲಿ ಒಡವೆಗೆ ಎರಡು ಕಡೆಯಿಂದ ಭಯವಿದೆ. ಒಂದು ಕಳ್ಳರದ್ದು, ಇನ್ನೊಂದು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆ, ಬಟ್ಟೆ, ಕಪಾಟು ಯಾವುದನ್ನೂ ಬಿಡದ ತೇವದ್ದು. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂಬುದೇ ಈ ಕೆಲಸದ ನಿಜವಾದ ತೊಡಕು. ಕಳ್ಳರಿಗೆ ಹೆದರಿ ಒಡವೆಯನ್ನು ಎಷ್ಟು ಒಳಗೆ ಮುಚ್ಚಿಡುತ್ತೇವೋ ಅಷ್ಟು ಅಪರೂಪಕ್ಕೆ ಅದನ್ನು ತೆಗೆದು ನೋಡುತ್ತೇವೆ. ಹಾಗೆ ನೋಡದೆ ಬಿಟ್ಟ ಮುತ್ತಿನ ದಾರ ಕೊಳೆಯುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಕಲ್ಲು ಸಡಿಲವಾದದ್ದು ಯಾರಿಗೂ ತಿಳಿಯುವುದಿಲ್ಲ. ಅತ್ತೆಯವರ ಕಾಲಾನಂತರ ಅವರ ಕಾಸಿನ ಸರ, ಅವಲಕ್ಕಿ ಸರ, ಹವಳದ ಸರ, ಮುತ್ತಿನ ಅಡ್ಡಿಗೆ, ಕೆಂಪು ಹರಳು ಕೂರಿಸಿದ, ತಲೆಗೆ ಮುಡಿಯುವ ರಾಕುಡಿ ಎಲ್ಲವೂ ನನ್ನ ವಶಕ್ಕೆ ಬಂದವು. ಅಂದಿನಿಂದ ನಾನು ರೂಢಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೀರ್ಮಾನಿಸಿದ್ದು ಮನೆಯಲ್ಲಿ ಏನನ್ನು ಇಟ್ಟುಕೊಳ್ಳಬಾರದು ಎಂಬುದನ್ನು. ಕರಿಮಣಿ ಸರ, ದಿನವೂ ಹಾಕುವ ಬಳೆ, ಬೆಂಡೋಲೆ, ಮೂಗುತಿ, ಯಜಮಾನರ ಪವಿತ್ರದುಂಗುರ ಮತ್ತು ಹಬ್ಬಕ್ಕೆ ಬೇಕಾಗುವ ಒಂದು ಸರ ಮಾತ್ರ ಮನೆಯಲ್ಲಿವೆ. ಉಳಿದದ್ದು ಬ್ಯಾಂಕಿನ ಲಾಕರಿನಲ್ಲಿದೆ. ಹಾಗೆಂದು ಲಾಕರಿಗೆ ಹಾಕಿದ ಕೂಡಲೇ ಚಿಂತೆ ತೀರಿತು ಎಂದು ನಾನು ಹೇಳಲಾರೆ. ರಿಸರ್ವ್ ಬ್ಯಾಂಕಿನ ಪರಿಷ್ಕೃತ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿದ್ದು, ಅವುಗಳ ಪ್ರಕಾರ ಕಳವು, ಬೆಂಕಿ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತವಾಗಿರುತ್ತದೆ. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯ ಲಾಕರಾದರೆ ಸಿಗುವುದು ಹೆಚ್ಚೆಂದರೆ 3 ಲಕ್ಷ. ಹತ್ತು ಗ್ರಾಂ ಅಪರಂಜಿಯ ಬೆಲೆ ಲಕ್ಷವನ್ನು ದಾಟಿದ ಈ ಕಾಲದಲ್ಲಿ ಅದರಿಂದ ಒಂದು ಕಾಸಿನ ಸರವೂ ಬಾರದು. ನೆರೆ, ಭೂಕಂಪ, ಸಿಡಿಲಿನಂಥ ಪ್ರಕೃತಿ ವಿಕೋಪಕ್ಕಂತೂ, ಬ್ಯಾಂಕಿನ ನಿರ್ಲಕ್ಷ್ಯವಿಲ್ಲದಿದ್ದರೆ, ಅಷ್ಟೂ ಇಲ್ಲ.

ಲಾಕರು ಇದ್ದವರ ಮನೆಗೂ ಅಪಾಯ ಬರುವ ಕೆಲವು ರಾತ್ರಿಗಳಿವೆ, ಅವುಗಳನ್ನು ಮೊದಲೇ ಲೆಕ್ಕ ಹಾಕಬಹುದು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಸೋಮವಾರ ಬೆಳಿಗ್ಗೆ ಮುಹೂರ್ತವಿದ್ದರೆ ಶುಕ್ರವಾರವೇ ಒಡವೆ ತರಬೇಕು, ಮದುವೆ ಮುಗಿಸಿ ಸುಸ್ತಾಗಿ ಬಂದ ಮೇಲೆ ಅದು ಮತ್ತೆರಡು ದಿನ ಮನೆಯಲ್ಲೇ ಉಳಿಯುತ್ತದೆ. ಅದೇ ಹೊತ್ತಿನಲ್ಲಿ ಮನೆ ತುಂಬ ನೆಂಟರು, ಚಪ್ಪರದವರು, ಅಡುಗೆಯವರು ಓಡಾಡುತ್ತಿರುತ್ತಾರೆ. ನಾವು ತಿಜೋರಿ ಹಾಕಿಸಿದ್ದು ಮುಖ್ಯವಾಗಿ ಈ ರಾತ್ರಿಗಳಿಗಾಗಿ.

ತಿಜೋರಿ ಕೊಳ್ಳುವುದು ಸುಲಭ, ಕೂರಿಸುವುದು ಕಷ್ಟ. ಅಂಗಡಿಯಲ್ಲಿ ಸಿಗುವ ಚಿಕ್ಕ ಡಿಜಿಟಲ್ ತಿಜೋರಿಯನ್ನು ಕಪಾಟಿನೊಳಗೆ ಸುಮ್ಮನೆ ಇಟ್ಟರೆ, ಒಡೆಯುವ ಗೋಜಿಗೇ ಹೋಗದೆ ಒಬ್ಬನೇ ಹೊತ್ತುಕೊಂಡು ಹೋಗಬಹುದು. ಅದನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಯಬೇಕು. ಆದರೆ ನಮ್ಮದು ಕೆಂಪುಕಲ್ಲಿನ ಗೋಡೆ. ಕೆಂಪುಕಲ್ಲಿನಲ್ಲಿ ತೂತುಗಳು ಹೆಚ್ಚು. ಡ್ರಿಲ್ ಹಾಕಿದರೆ ಪುಡಿಯಾಗಿ ಉದುರುತ್ತದೆ, ಒಳಗೆ ಅರಳಿ ಹಿಡಿದುಕೊಳ್ಳಬೇಕಾದ ಬೋಲ್ಟು ಅಲ್ಲಾಡುತ್ತದೆ. ನಮ್ಮ ಮೇಸ್ತ್ರಿ ಕಲ್ಲುಗಳನ್ನು ಕಿತ್ತು ಗೂಡು ಮಾಡಿ, ಸರಳು ಹೆಣೆದು ಕಾಂಕ್ರೀಟು ತುಂಬಿ, ಅದು ಗಟ್ಟಿಯಾಗಲು ಬಿಟ್ಟು, ಆಮೇಲೆ ಹಿಂಬದಿಗೂ ತಳಕ್ಕೂ ಬೋಲ್ಟು ಬಿಗಿದರು. ಜಾಗ ಆರಿಸುವಾಗಲೂ ಎರಡು ವಿಚಾರ ನೋಡಿದೆವು. ಹಳೆಯ ಭಾಗಕ್ಕೆ ಹೆಂಚಿನ ಮಾಡು ಇರುವುದರಿಂದ, ಹೆಂಚು ಸರಿಸಿ ಇಳಿಯಲು ಆಗದಂತೆ ತಾರಸಿಯಿರುವ ಕೋಣೆಯನ್ನೇ ಹಿಡಿದೆವು. ಆ ಕೋಣೆಯಲ್ಲೂ ಮಳೆ ಹೊಡೆಯುವ ಹೊರಗೋಡೆಯನ್ನಾಗಲಿ ಬಚ್ಚಲಿಗೆ ತಾಗಿದ ಗೋಡೆಯನ್ನಾಗಲಿ ಮುಟ್ಟದೆ, ಎರಡು ಕೋಣೆಗಳ ನಡುವಿನ ಒಣಗೋಡೆಯನ್ನು ಆರಿಸಿದೆವು. ಬೆಂಕಿ ತಡೆಯುವ ಗುಣ ಬೇರೆ, ಒಡೆಯುವುದನ್ನು ತಡೆಯುವ ಗುಣ ಬೇರೆ ಎಂಬುದನ್ನು ಕೊಳ್ಳುವ ಮೊದಲು ಅಂಗಡಿಯವರಲ್ಲಿ ಬಿಡಿಸಿ ಕೇಳಬೇಕು.

ಬೀಗದ ಕೈಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಬೀರುವಿನ ಕೀ ಬೀರುವಿನ ಮೇಲೆ, ದಿಂಬಿನ ಕೆಳಗೆ ಅಥವಾ ದೇವರ ಪಟದ ಹಿಂದೆ ಇರುವ ಮನೆಗಳೇ ಹೆಚ್ಚು, ಅದು ಕಳ್ಳರಿಗೂ ಗೊತ್ತು. ಅಕ್ಕಿ ಡಬ್ಬ, ಸೀರೆಗಳ ಮಡಿಕೆ, ಹಾಸಿಗೆಯ ಅಡಿ ಇವನ್ನೂ ಅವರು ಮೊದಲೇ ಕೈಯಾಡಿಸುತ್ತಾರೆ. ಬಚ್ಚಿಡುವುದರಲ್ಲಿ ಇನ್ನೊಂದು ಕೇಡಿದೆ: ಬಚ್ಚಿಟ್ಟವರಿಗೇ ಮರೆತುಹೋಗುತ್ತದೆ, ಹಳೆಯ ಬಟ್ಟೆಯ ಗಂಟಿನೊಂದಿಗೆ ಚಿನ್ನವೂ ಗುಜರಿಗೆ ಹೋಗುತ್ತದೆ. ನಮ್ಮ ತಿಜೋರಿಯೊಂದಿಗೆ ಬಂದ ತುರ್ತು ಕೀ ಮನೆಯಲ್ಲಿಲ್ಲ, ಬ್ಯಾಂಕಿನ ಲಾಕರಿನಲ್ಲಿದೆ. ಕಂಪನಿಯವರು ಹಾಕಿಕೊಟ್ಟ ಸಂಖ್ಯೆಯನ್ನು ಮೊದಲ ದಿನವೇ ಬದಲಿಸಿದೆವು. ಬ್ಯಾಟರಿ ಸೋರಿ ಒಳಗಿನ ತಂತಿಗೆ ತುಕ್ಕು ಹಿಡಿಯದಂತೆ ಮಳೆಗಾಲ ಹಿಡಿಯುವ ಮೊದಲು ಹೊಸದನ್ನು ಹಾಕುತ್ತೇನೆ.

ಇಷ್ಟೆಲ್ಲ ಮಾಡಿದರೂ ನನಗೆ ನಿಜವಾದ ಧೈರ್ಯ ಕೊಟ್ಟಿರುವುದು ಒಂದು ಲೆಕ್ಕದ ಪುಸ್ತಕ. ಪ್ರತಿ ಒಡವೆಗೂ ಒಂದು ಕ್ರಮಸಂಖ್ಯೆ, ಹೆಸರು, ತೂಕ, ಯಾರಿಂದ ಬಂದದ್ದು, ಬಿಲ್ಲು ಇದೆಯೋ ಇಲ್ಲವೋ ಎಂಬ ವಿವರ ಮತ್ತು ಮುಂದಿನಿಂದಲೂ ಹಿಂದಿನಿಂದಲೂ ತೆಗೆದ ಫೋಟೊ. ಫೋಟೊದಲ್ಲಿ ಒಡವೆಯ ಪಕ್ಕದಲ್ಲಿ ಅಳತೆಪಟ್ಟಿ ಇರುತ್ತದೆ; ಬೆಸುಗೆಯ ಕಲೆ, ಸೊಟ್ಟಗಾದ ಕೊಂಡಿ, ಕಿತ್ತುಹೋದ ಒಂದು ಕಲ್ಲು ಇಂಥ ಗುರುತುಗಳನ್ನು ಹತ್ತಿರದಿಂದ ಬೇರೆಯಾಗಿ ತೆಗೆದಿದ್ದೇನೆ. ಗ್ರಾಮಿನ ನೂರನೇ ಒಂದು ಭಾಗವನ್ನೂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡಿದ್ದೇನೆ. ಅತ್ತೆಯವರ ಕಾಲದ ಚೀಟಿಗಳಲ್ಲಿ ತೂಕ ಪವನಿನಲ್ಲಿತ್ತು. ಪವನಿಗೆ 8 ಗ್ರಾಮಿನಂತೆ ಅದನ್ನು ಬದಲಿಸಿ ಬರೆದುಕೊಂಡೆ. ರಾಕುಡಿಯಂಥ ಒಡವೆಗೆ ಒಟ್ಟು ತೂಕವನ್ನು ಮಾತ್ರ ಬರೆಯಬಹುದು. ಒಳಗಿನ ಅರಗು ಮತ್ತು ಕಲ್ಲುಗಳನ್ನು ಕಳೆದ ನಿವ್ವಳ ಚಿನ್ನವೆಷ್ಟು ಎಂಬುದು ಅಕ್ಕಸಾಲಿಗರ ಅಂದಾಜು.

ತೂಕ ಬರೆದಿಡುವುದರಿಂದ ಕಳವಿನ ಹೊರತಾಗಿಯೂ ಲಾಭವಿದೆ. ತೊಳೆದು ಒಣಗಿಸಿ ಮತ್ತೆ ತೂಗಿದಾಗ ವ್ಯತ್ಯಾಸ ಕಂಡರೆ, ಕಲ್ಲು ಬಿದ್ದಿದೆಯೇ, ಕಾಸಿನ ಕುಣಿಕೆ ಕಳಚಿದೆಯೇ ಎಂದು ಅದೇ ಗಳಿಗೆಯಲ್ಲಿ ಬಟ್ಟಲಿನ ನೀರಿನಲ್ಲಿ ಹುಡುಕಬಹುದು. ರಿಪೇರಿಗೆ ಕೊಡುವಾಗಲೂ ತೂಗಿ, ಅಂಗಡಿಯವರಿಂದಲೂ ತೂಗಿಸಿ, ಚೀಟಿ ಬರೆಸಿಕೊಳ್ಳುತ್ತೇನೆ. ಮರ್ಯಾದಸ್ಥ ಅಕ್ಕಸಾಲಿಗರು ಯಾರೂ ಇದಕ್ಕೆ ಬೇಸರಿಸಿದ್ದನ್ನು ನಾನು ಕಂಡಿಲ್ಲ. ಹೊಸ ಒಡವೆಯಾದರೆ ಅದರ ಮೇಲೆ ಕೊರೆದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ಓದಿ ಬರೆದುಕೊಳ್ಳುತ್ತೇನೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ ಇರುವ ಒಡವೆಯನ್ನು ಈ ಸಂಖ್ಯೆಯಿಲ್ಲದೆ ಅಂಗಡಿಯವರು ಮಾರುವಂತಿಲ್ಲ, ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ, ಹಾಲ್‌ಮಾರ್ಕ್ ಮಾಡಿಸಿದ ಅಂಗಡಿಯ ನೋಂದಣಿ, ಪರೀಕ್ಷಿಸಿದ ಕೇಂದ್ರ ಎಲ್ಲವೂ ತೋರುತ್ತವೆ.

ಪೊಲೀಸರು ಪತ್ತೆಹಚ್ಚಿದ ಒಡವೆಗಳನ್ನು ಠಾಣೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು ವಾರಸುದಾರರಿಗೆ ಒಪ್ಪಿಸುವ ಪ್ರಾಪರ್ಟಿ ಪರೇಡ್‌ನ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಅಲ್ಲಿ ಒಂದೇ ಬಗೆಯ ಹತ್ತಾರು ಸರಗಳ ನಡುವೆ ಇದು ನಮ್ಮದೇ ಎಂದು ತೋರಿಸಲು ಫೋಟೊ, ತೂಕ ಮತ್ತು ಬಿಲ್ಲು ಬೇಕು. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು, ಚಿನ್ನದಂಥ ಬೆಲೆಬಾಳುವ ವಸ್ತುಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಇರಿಸದೆ, ಪಂಚನಾಮೆ ಮಾಡಿ, ಫೋಟೊ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಹಿಂದಿರುಗಿಸಬಹುದೆಂದು ಹೇಳಿದೆ. ಆದಾಯ ತೆರಿಗೆಯ ಪ್ರಶ್ನೆ ಬಂದರೂ ಇದೇ ಪುಸ್ತಕ ಉಪಯೋಗಕ್ಕೆ ಬರುತ್ತದೆ. ಶೋಧನೆಯ ವೇಳೆ ವಿವಾಹಿತ ಸ್ತ್ರೀಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷರಿಗೆ 100 ಗ್ರಾಂವರೆಗಿನ ಚಿನ್ನದ ಒಡವೆಯನ್ನು ವಶಪಡಿಸಿಕೊಳ್ಳಬಾರದು ಎಂಬ ಸೂಚನೆ 1994ರಷ್ಟು ಹಳೆಯದು. ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಅಪರಾಧವಲ್ಲ, ಎಲ್ಲಿಂದ ಬಂದದ್ದೆಂದು ತೋರಿಸಬೇಕಷ್ಟೆ.

ಇನ್ನು ತೇವದ ವಿಷಯ. ಅಪರಂಜಿಗೆ ತೇವದಿಂದ ಏನೂ ಆಗದು, ಆದರೆ 22 ಕ್ಯಾರಟ್ ಎಂದರೆ ನೂರಕ್ಕೆ 91.6 ಪಾಲು ಚಿನ್ನ. ಉಳಿದ ಪಾಲಿನ ತಾಮ್ರವೂ ಬೆಳ್ಳಿಯೂ ಬೆವರು ಮತ್ತು ಉಪ್ಪಿನ ಗಾಳಿಗೆ ಮಂಕಾಗುತ್ತವೆ. ಅಂಥ ಬರಿಯ ಚಿನ್ನಕ್ಕೆ ನನ್ನ ಮದ್ದು ಅಂಟುವಾಳದ ನೀರು. ಕಾಯಿಯನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಕಿವುಚಿ ಸೋಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತೇನೆ. ಸಿಂಕಿನ ಮೇಲೆ ಎಂದೂ ಅಲ್ಲ, ಅಗಲವಾದ ಬಟ್ಟಲಿನಲ್ಲಿ. ನೀರು ಚೆಲ್ಲುವಾಗ ಬಿಳಿಯ ಬಟ್ಟೆಯಲ್ಲಿ ಸೋಸಿದರೆ ಬಿದ್ದ ಹರಳು ಬಟ್ಟೆಯ ಮೇಲೆ ನಿಲ್ಲುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚು ಕೈಗೆ ತಾಗುವ ಕೆಲಸದಲ್ಲಿ ಉಂಗುರ ತೆಗೆದಿಡುತ್ತೇನೆ, ಏಕೆಂದರೆ ಅದರಲ್ಲಿನ ಕ್ಲೋರಿನ್ ಈ ಬೆರಕೆ ಲೋಹವನ್ನು ತಿನ್ನುತ್ತದೆ.

ಅರಗು ತುಂಬಿದ ಒಡವೆಗೆ ಈ ಸ್ನಾನ ಕೂಡದು. ರಾಕುಡಿ ನೋಡಲು ದಪ್ಪಗಿದ್ದರೂ ಅದರ ಚಿನ್ನ ತೆಳು ತಗಡು, ಒಳಗೆ ಅರಗು. ಬಿಸಿನೀರಿಗೆ ಅರಗು ಮೆತ್ತಗಾಗಿ ಕಲ್ಲಿನ ಹಿಡಿತ ಬಿಡುತ್ತದೆ. ಕೆಂಪಿನ ಹಿಂದೆ ಹೊಳಪಿಗೆಂದು ಇಟ್ಟ ತೆಳುಹಾಳೆಗೆ ನೀರಿಳಿದರೆ ಕಲ್ಲು ಶಾಶ್ವತವಾಗಿ ಕಪ್ಪುಗಟ್ಟುತ್ತದೆ. ಅದನ್ನು ಒಣಗಿದ ಮೃದು ಬ್ರಷ್ಷಿನಿಂದ ಧೂಳು ಹೊಡೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಯಾವ ಭಾರವೂ ಬೀಳದಂತೆ ಪ್ರತ್ಯೇಕ ಡಬ್ಬಿಯಲ್ಲಿ ಇಡುತ್ತೇನೆ.

ಮುತ್ತು ಮತ್ತು ಹವಳ ಇನ್ನೂ ಸೂಕ್ಷ್ಮ. ಎರಡೂ ಸುಣ್ಣದ ಅಂಶದಿಂದ ಆದವು, ಹಾಗಾಗಿ ಹುಳಿಯಿರುವುದು ಏನು ತಾಗಿದರೂ ಮೇಲ್ಮೈ ಮಸುಕಾಗುತ್ತದೆ. ಸೆಂಟು, ತಲೆಗೆ ಹಾಕುವ ಸ್ಪ್ರೇ ಎಲ್ಲ ಮುಗಿದ ಮೇಲೆ ಕೊನೆಗೆ ಧರಿಸಿ, ಮನೆಗೆ ಬಂದ ಕೂಡಲೇ ಮೊದಲು ತೆಗೆಯುವುದು ಇವನ್ನೇ. ಧೂಳಿನಲ್ಲಿರುವ ಮರಳಿನ ಕಣ ಮುತ್ತಿಗಿಂತ ಬಹಳ ಗಟ್ಟಿಯಾದ್ದರಿಂದ ಒಣಬಟ್ಟೆಯಿಂದ ತಿಕ್ಕುವುದಿಲ್ಲ. ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒಂದೊಂದನ್ನೇ ಒರಸಿ, ದಾರ ಪೂರ್ತಿ ಒಣಗುವವರೆಗೆ ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಮಲಗಿಸುತ್ತೇನೆ. ತೂಗುಹಾಕಿದರೆ ದಾರ ಹಿಗ್ಗುತ್ತದೆ. ಕರಾವಳಿಯಲ್ಲಿ ಮೊದಲು ಸೋಲುವುದು ಈ ದಾರವೇ: ಕೊಂಡಿಯ ಹತ್ತಿರದ ಎರಡು ಮುತ್ತುಗಳನ್ನು ಮೆಲ್ಲಗೆ ಬಿಡಿಸಿ ನೋಡಿದಾಗ ದಾರ ಬೂದುಬಣ್ಣಕ್ಕೆ ತಿರುಗಿ ನಯ ಕಳೆದುಕೊಂಡಿದ್ದರೆ, ಹರಿಯುವವರೆಗೆ ಕಾಯದೆ ಹೊಸದಾಗಿ ಪೋಣಿಸುವಂತೆ ಕೊಡುತ್ತೇನೆ, ಮುತ್ತು ಮುತ್ತಿನ ನಡುವೆ ಗಂಟು ಹಾಕಿಸುತ್ತೇನೆ. ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ ಚಿನ್ನ, ಬೆಳ್ಳಿಗಳ ಡಬ್ಬಿಯಲ್ಲಿ ಮಾತ್ರ. ಮುತ್ತಿಗೆ ಅತಿಯಾದ ಒಣ ವಾತಾವರಣ ಒಳ್ಳೆಯದಲ್ಲ, ಪ್ಲಾಸ್ಟಿಕ್ ಚೀಲವೂ ಅಲ್ಲ.

ಬೆಳ್ಳಿಗೆ ಇದಕ್ಕೆ ತಿರುಗುಮುರುಗು. ಗಾಳಿಯಲ್ಲಿರುವ ಗಂಧಕದ ಅನಿಲದಿಂದ ಅದು ಕಪ್ಪಾಗುತ್ತದೆ, ಆದ್ದರಿಂದ ಗಾಳಿ ತೆಗೆದು ಜಿಪ್ ಹಾಕಿದ ಚೀಲದಲ್ಲಿ, ಒಂದು ಸೀಮೆಸುಣ್ಣದ ತುಂಡಿನೊಂದಿಗೆ ಇಡುತ್ತೇನೆ. ರಬ್ಬರ್ ಬ್ಯಾಂಡು, ಉಣ್ಣೆಬಟ್ಟೆ, ಹಳೆಯ ಪತ್ರಿಕೆ ಇವುಗಳಲ್ಲೂ ಗಂಧಕದ ಅಂಶವಿರುವುದರಿಂದ ಹತ್ತಿರ ಸೇರಿಸುವುದಿಲ್ಲ. ಅಂಗಡಿಯವರು ಸುತ್ತಿಕೊಡುವ ಗುಲಾಬಿ ಕಾಗದವನ್ನೂ ತೆಗೆದು ಬಿಡುತ್ತೇನೆ; ತೇವಕ್ಕೆ ಅದರ ಬಣ್ಣ ಇಳಿಯುತ್ತದೆ.

ಪಾಲಿಶ್ ಮಾಡಿಕೊಡುತ್ತೇವೆ ಎಂದು ಬಾಗಿಲಿಗೆ ಬರುವವರನ್ನು ಅಂಗಳದಿಂದಲೇ ಕಳುಹಿಸುತ್ತೇನೆ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳನ್ನು ಬೆರೆಸಿದ ದ್ರವದಲ್ಲಿ ಚಿನ್ನ ಕರಗುತ್ತದೆ. ಒಡವೆ ಫಳಫಳ ಹೊಳೆಯುತ್ತ ಹಿಂದಿರುಗಿದರೂ ಅದರ ತೂಕದ ಒಂದು ಪಾಲು ಅವರ ಪಾತ್ರೆಯಲ್ಲಿ ಉಳಿದಿರುತ್ತದೆ. ಊರಿಗೆ ಹೋಗುವಾಗ ಪತ್ರಿಕೆ, ಹಾಲು ನಿಲ್ಲಿಸಿ, ಠಾಣೆಗೆ ತಿಳಿಸಿ ಹೋಗುತ್ತೇವೆ. ಮದುವೆಯ ಫೋಟೊಗಳನ್ನು ಸ್ಟೇಟಸ್ಸಿಗೆ ಹಾಕುವುದು ಒಡವೆ ಲಾಕರಿಗೆ ಮರಳಿದ ಮೇಲೆ.

ವಿಮೆಯ ಬಗ್ಗೆ ಒಂದು ಮಾತು. ಬೆಂಕಿಯಿಂದ ಮನೆಗೆ ರಕ್ಷಣೆ ಕೊಡುವ ಪಾಲಿಸಿ ಇದ್ದ ಮಾತ್ರಕ್ಕೆ ಕನ್ನಗಳವಿಗೆ ಪರಿಹಾರ ಸಿಗುತ್ತದೆ ಎಂದುಕೊಳ್ಳಬಾರದು. ಅದಕ್ಕೆ ಬೇರೆಯೇ ರಕ್ಷಣೆ ಪಡೆಯಬೇಕು, ಒಡವೆಯನ್ನು ಪಟ್ಟಿ ಮಾಡಿ ಸೇರಿಸಬೇಕು, ಬಲವಂತವಾಗಿ ಒಳನುಗ್ಗಿದ ಗುರುತು ಇರಲೇಬೇಕೆಂಬ ಷರತ್ತು ಇದೆಯೇ ಎಂದು ಓದಿ ನೋಡಬೇಕು. ಚಿನ್ನದ ಬೆಲೆ ಏರಿದಂತೆ ಮೌಲ್ಯಮಾಪನವನ್ನೂ ಹೊಸದಾಗಿ ಮಾಡಿಸಬೇಕು.

ಲೆಕ್ಕದ ಪುಸ್ತಕದ ಒಂದು ಪ್ರತಿ ಬೆಂಗಳೂರಿನಲ್ಲಿರುವ ಮಗಳ ಬಳಿ ಇದೆ. ಲಾಕರಿಗೆ ಅವಳನ್ನೇ ನಾಮಿನಿ ಮಾಡಿದ್ದೇನೆ. ಆದರೆ ನಾಮಿನಿಯಾದವರು ವಾರಸುದಾರರ ಪರವಾಗಿ ಒಡವೆಯನ್ನು ಪಡೆದುಕೊಳ್ಳುವವರೇ ಹೊರತು ಅದರ ಒಡೆಯರಲ್ಲ. ಆದ್ದರಿಂದ ಯಾವುದು ಮಗಳಿಗೆ, ಯಾವುದು ಸೊಸೆಗೆ ಎಂಬುದನ್ನು ಪುಸ್ತಕದ ಕ್ರಮಸಂಖ್ಯೆಯನ್ನೇ ಹಾಕಿ ಉಯಿಲಿನಲ್ಲಿ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಮಾಡಿಸಿದ್ದೇನೆ.