ಫಾಗ್ ಲ್ಯಾಂಪ್ ಹಾಕುವ ಮುನ್ನ ಒಂದು ರಿಲೇ ತನ್ನಿ

ಜುಲೈ ತಿಂಗಳ ಒಂದು ಸಂಜೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಹಳೇ ಜೀಪು. ಹಿಂದಿನ ವಾರವಷ್ಟೇ ಒಂದು ಜೊತೆ ಫಾಗ್ ಲ್ಯಾಂಪ್, ಅಂದರೆ ಮಂಜಿನಲ್ಲಿ ದಾರಿ ಕಾಣಿಸುವ ದೀಪ, ಹಾಕಿಸಿದ್ದೆ. 20 ನಿಮಿಷ ಉರಿದಿರಬೇಕು, ಡ್ಯಾಶ್‌ಬೋರ್ಡಿನ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸ್ವಿಚ್ ಮುಟ್ಟಿದರೆ ಬೆರಳು ಚುರ್ ಎಂದಿತು. ಜಾಗ ಸಿಕ್ಕಲ್ಲಿ ನಿಲ್ಲಿಸಿ ನೋಡಿದೆ. ಬ್ಯಾಟರಿಯಿಂದ ಸೀದಾ ಸ್ವಿಚ್ಚಿಗೆ, ಅಲ್ಲಿಂದ ಸೀದಾ ಲ್ಯಾಂಪಿಗೆ ತೆಳ್ಳನೆಯ ವೈರ್ ಎಳೆದಿದ್ದರು. ನಡುವೆ ಫ್ಯೂಸೂ ಇಲ್ಲ, ಚಿಕ್ಕ ಸ್ವಿಚ್ಚಿನಿಂದ ದೊಡ್ಡ ಕರೆಂಟ್ ನಡೆಸುವ ರಿಲೇಯೂ ಇಲ್ಲ.

ಅದನ್ನೆಲ್ಲ ಕಿತ್ತು ನಾನೇ ಹೊಸದಾಗಿ ವೈರಿಂಗ್ ಮಾಡಿದೆ. ಒಂದು ಭಾನುವಾರದ ಕೆಲಸ, ಅಷ್ಟೇ.

ಮೊದಲು ಲೆಕ್ಕ

ಒಂದು ಹ್ಯಾಲೊಜೆನ್ ಫಾಗ್ ಲ್ಯಾಂಪ್ 55 ವಾಟ್ ಎಂದುಕೊಳ್ಳಿ. ಎರಡಕ್ಕೆ 110 ವಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9 ಆಂಪ್ ಬರುತ್ತದೆ. ಡ್ಯಾಶ್‌ಬೋರ್ಡಿಗೆ ಹಾಕುವ ಚಿಕ್ಕ ಸ್ವಿಚ್ಚುಗಳಲ್ಲಿ ಎಷ್ಟೋ ಸ್ವಿಚ್ಚುಗಳಿಗೆ ಇದು ತಡೆಯುವ ಭಾರವಲ್ಲ. ಒಳಗಿನ ಕಾಂಟ್ಯಾಕ್ಟ್ ಕಾಯುತ್ತದೆ, ಕಪ್ಪಾಗುತ್ತದೆ, ಕೊನೆಗೆ ಕರಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಬೇಗ ಕಾಣುವುದಿಲ್ಲ. ತೆಳ್ಳಗಿನ ವೈರ್ ಉದ್ದಕ್ಕೆ ಸುತ್ತಿ ಬಂದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಒಳ್ಳೇ ಲ್ಯಾಂಪಿಗೆ ದುಡ್ಡು ಕೊಟ್ಟು, ಅದರ ಮೂರನೇ ಒಂದು ಭಾಗವನ್ನು ವೈರಿನಲ್ಲೇ ಸುಟ್ಟುಕೊಂಡ ಹಾಗೆ. ಎಷ್ಟೋ ಜನ ಬೆಳಕು ಸಾಲದು ಎಂದು ಜಾಸ್ತಿ ವಾಟಿನ ಬಲ್ಬ್ ಹಾಕುತ್ತಾರೆ. ಅದರಿಂದ ವೈರ್ ಇನ್ನಷ್ಟು ಕಾಯುತ್ತದೆ, ಅಲ್ವಾ? ಮೊದಲು ವೈರ್ ಬದಲಿಸಿ ನೋಡಿ.

ರಿಲೇ ಏನು ಮಾಡುತ್ತದೆ?

ಒಂದಿಂಚು ಅಗಲದ ಕಪ್ಪು ಡಬ್ಬಿ. ಒಳಗೆ ಒಂದು ಕಾಯಿಲ್, ಪಕ್ಕದಲ್ಲಿ ಒಂದು ದಪ್ಪ ಕಾಂಟ್ಯಾಕ್ಟ್. ಕಾಯಿಲಿಗೆ ಸ್ವಲ್ಪ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಕಾಂಟ್ಯಾಕ್ಟನ್ನು ಟಕ್ ಎಂದು ಎಳೆದು ಕೂಡಿಸುತ್ತದೆ. ಕಾಯಿಲ್ ಎಳೆಯುವುದು ಸುಮಾರು 0.15 ಆಂಪ್ ಮಾತ್ರ. ನಿಮ್ಮ ಸ್ವಿಚ್ಚಿಗೆ ಬೀಳುವ ಭಾರ ಅಷ್ಟೇ. ಲ್ಯಾಂಪಿನ 9 ಆಂಪ್ ಡ್ಯಾಶ್‌ಬೋರ್ಡಿಗೆ ಬರುವುದೇ ಇಲ್ಲ. ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ಲ್ಯಾಂಪಿಗೆ, ಹತ್ತಿರದ ದಾರಿಯಲ್ಲೇ ಹೋಗುತ್ತದೆ.

ರಿಲೇ ಕೆಳಗೆ ನಂಬರುಗಳಿರುತ್ತವೆ. ಜರ್ಮನಿಯ ಡಿಐಎನ್ 72552 ಎಂಬ ಮಾನದಂಡದಿಂದ ಬಂದ ನಂಬರುಗಳಿವು. 30 ಬ್ಯಾಟರಿಗೆ, 87 ಲ್ಯಾಂಪಿಗೆ, 85 ಅರ್ಥ್‌ಗೆ (ಬ್ಯಾಟರಿ ಮೈನಸ್‌ಗೆ ಕೂಡಿರುವ ಗಾಡಿಯ ಲೋಹದ ಮೈಗೆ), 86 ಸ್ವಿಚ್ಚಿಗೆ. ಐದು ಪಿನ್ನಿನ ರಿಲೇ ಕೊಟ್ಟರೆ ನಡುವೆ 87ಎ ಎಂದು ಇನ್ನೊಂದಿರುತ್ತದೆ. ರಿಲೇ ಆಫ್ ಇದ್ದಾಗಲೇ ಅದು 30ಕ್ಕೆ ಕೂಡಿರುತ್ತದೆ. ಲ್ಯಾಂಪಿನ ವೈರ್ ಅಲ್ಲಿಗೆ ಹಾಕಿದರೆ ಸ್ವಿಚ್ ಆಫ್ ಮಾಡಿದಾಗ ಲ್ಯಾಂಪ್ ಉರಿಯುತ್ತದೆ! ನಮ್ಮ ಕೆಲಸಕ್ಕೆ ನಾಲ್ಕು ಪಿನ್ನಿನದೇ ಸಾಕು. ಕೆಲವು ರಿಲೇಗಳ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುತ್ತದೆ. ಅದಕ್ಕೇ 86ಕ್ಕೆ ಪ್ಲಸ್, 85ಕ್ಕೆ ಮೈನಸ್ ಎಂಬ ಕ್ರಮವನ್ನು ಯಾವಾಗಲೂ ಇಟ್ಟುಕೊಳ್ಳಿ.

ತರಬೇಕಾದ್ದು

30 ಆಂಪಿನ ರಿಲೇ ಮತ್ತು ಅದರ ಹೋಲ್ಡರ್, ಎರಡು ಫ್ಯೂಸ್ ಹೋಲ್ಡರ್, 15 ಆಂಪಿನ ನೀಲಿ ಬ್ಲೇಡ್ ಫ್ಯೂಸ್, ಸ್ವಿಚ್ ಕಡೆಗೆ 3 ಆಂಪಿನ ಫ್ಯೂಸ್, ಸ್ವಿಚ್. ಲ್ಯಾಂಪಿನ ಕರೆಂಟ್ ಹೋಗುವ ದಾರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಸ್ವಿಚ್ ಕಡೆಗೆ 0.75 ಸಾಕು. ಕ್ರಿಂಪ್ ಮಾಡುವ (ಇಕ್ಕಳದಿಂದ ಅದುಮಿ ಕೂಡಿಸುವ) ಟರ್ಮಿನಲ್‌ಗಳು, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್, ವೈರಿನ ಮೇಲೆ ಹಾಕುವ ಸುಕ್ಕು ಪೈಪು. ಹೊಂದಿಸಿ ಕೊಟ್ಟ ಕಿಟ್ ಕೂಡ ಅಂಗಡಿಯಲ್ಲಿ ಸಿಗುತ್ತದೆ. ತರುವ ಮುನ್ನ ಅದರ ವೈರಿನ ದಪ್ಪ ನೋಡಿ. ಹೊರಗಿನ ಪ್ಲಾಸ್ಟಿಕ್ ದಪ್ಪಗಿದ್ದು, ಒಳಗಿನ ತಾಮ್ರ ನಾಲ್ಕು ಎಳೆ ಇದ್ದರೆ ಬೇಡ.

ಕೆಲಸ ಶುರು

ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ.

ಲ್ಯಾಂಪನ್ನು ಬಂಪರಿನ ಕೆಳಭಾಗದಲ್ಲಿ ಕೂರಿಸಿ. ಮೇಲೆ ಇಟ್ಟಷ್ಟೂ ಮಂಜಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಘಾಟಿಯಲ್ಲಿ ಬ್ರೈಟ್ ಹಾಕಿದಾಗ ಮುಂದೆ ಬಿಳಿ ಗೋಡೆ ಎದ್ದು ನಿಲ್ಲುವುದು ಇದಕ್ಕೇ.

ಬ್ಯಾಟರಿಯ ಹತ್ತಿರ, ಎಂಜಿನ್ ಬಿಸಿ ತಾಗದ ಜಾಗದಲ್ಲಿ ರಿಲೇ ಕೂರಿಸಿ. ಪಿನ್ನುಗಳು ಕೆಳಮುಖವಾಗಿರಲಿ. ನಮ್ಮ ಮಲೆನಾಡಿನ ಮಳೆಗೆ ಇದು ಸಣ್ಣ ಮಾತಲ್ಲ. ಪಿನ್ ಮೇಲಕ್ಕಿದ್ದರೆ ನೀರು ನಿಂತು ಒಂದೇ ಮಳೆಗಾಲಕ್ಕೆ ಹಸಿರುಗಟ್ಟುತ್ತದೆ.

ಈಗ ದಪ್ಪ ವೈರ್. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಫ್ಯೂಸಿನಿಂದ ರಿಲೇಯ 30. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್ ಇರುವುದು ಲ್ಯಾಂಪನ್ನು ಕಾಪಾಡುವುದಕ್ಕಲ್ಲ, ವೈರನ್ನು ಕಾಪಾಡುವುದಕ್ಕೆ. ದೂರ ಹಾಕಿದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಸವೆದು ಬಾಡಿಗೆ ತಾಗಿದಾಗ ಅದನ್ನು ಕಾಯುವವರು ಯಾರೂ ಇಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ದಯವಿಟ್ಟು 30 ಆಂಪಿನದನ್ನು ಚುಚ್ಚಿ ಸುಮ್ಮನಾಗಬೇಡಿ.

87ರಿಂದ ಲ್ಯಾಂಪುಗಳ ಪ್ಲಸ್‌ಗೆ ಅದೇ ದಪ್ಪದ ವೈರ್. ಮುಂದೆ ಹೋಗಿ ಎರಡಾಗಿ ಕವಲೊಡೆದ ಮೇಲೆ 1.5 ಸ್ಕ್ವೇರ್ ಎಂಎಂ ಆದರೂ ನಡೆಯುತ್ತದೆ. ವೈರ್ ಎಲ್ಲೂ ಎಕ್ಸಾಸ್ಟ್ ಪೈಪಿಗೆ, ಫ್ಯಾನಿಗೆ, ತಗಡಿನ ಅಂಚಿಗೆ ತಾಗಬಾರದು. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ.

ಅರ್ಥ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ನಾನು ನೋಡಿದ ಅರ್ಧಕ್ಕರ್ಧ ತೊಂದರೆ ಇಲ್ಲೇ. ಹೋದ ಕರೆಂಟ್ ವಾಪಸ್ ಬರಬೇಕು. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಬರುವುದಿಲ್ಲ. ಜಾಗವನ್ನು ಮರಳು ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ರಿಂಗ್ ಟರ್ಮಿನಲ್ ಇಟ್ಟು ಬೋಲ್ಟನ್ನು ಬಿಗಿಯಾಗಿ ತಿರುಗಿಸಿ, ಮೇಲೆ ಗ್ರೀಸ್ ಸವರಿ. ಬಂಪರಿಗೆ ಅರ್ಥ್ ಕೊಡುವುದನ್ನು ನಂಬಬೇಡಿ. ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ಕೊಡಿ, ಇಲ್ಲವೇ ಬ್ಯಾಟರಿ ಮೈನಸ್‌ವರೆಗೆ ವೈರ್ ತನ್ನಿ.

ಕೊನೆಗೆ ಸ್ವಿಚ್. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಒಂದು ವೈರ್ ಹುಡುಕಿ, 3 ಆಂಪ್ ಫ್ಯೂಸ್ ಹಾಕಿ ಸ್ವಿಚ್ಚಿಗೆ, ಅಲ್ಲಿಂದ 86ಕ್ಕೆ ಕೊಡಿ. ಸ್ವಿಚ್ಚಿಗೆ ಸೀದಾ ಬ್ಯಾಟರಿಯಿಂದ ಕೊಟ್ಟರೆ ಲ್ಯಾಂಪ್ ಆರಿಸಲು ಮರೆತ ರಾತ್ರಿ 60 ಆಂಪ್-ಅವರ್ ಬ್ಯಾಟರಿ ಆರೇಳು ಗಂಟೆಯಲ್ಲಿ ಮಲಗುತ್ತದೆ. 85ನ್ನು ಅರ್ಥ್ ಮಾಡಿ.

ಜಾಯಿಂಟ್‌ಗಳನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಕ್ರಿಂಪ್ ಮಾಡಿ, ಎಳೆದು ನೋಡಿ, ಹೀಟ್ ಶ್ರಿಂಕ್ ಹಾಕಿ.

ಹೊಸ ಕಾರುಗಳ ವಿಷಯ ಬೇರೆ. ಅವುಗಳ ಲೈಟುಗಳನ್ನು ಕಂಪ್ಯೂಟರ್ ಮಾಡ್ಯೂಲ್ ನಡೆಸುತ್ತದೆ. ಹೆಡ್‌ಲೈಟಿನ ವೈರ್ ಕತ್ತರಿಸಿ ಸೇರಿಸಿದರೆ ಮಾಡ್ಯೂಲೇ ಹಾಳಾಗಬಹುದು, ವಾರಂಟಿಯೂ ಹೋಗಬಹುದು. ಹಳದಿ ಪೈಪಿನೊಳಗಿನ ವೈರುಗಳು ಏರ್‌ಬ್ಯಾಗಿನವು, ಅವನ್ನಂತೂ ಮುಟ್ಟಲೇಬೇಡಿ. ಬೈಕಿನವರು 55 ವಾಟಿನ ಜೋಡಿ ಬಿಟ್ಟು ಚಿಕ್ಕ ಎಲ್‌ಇಡಿ ನೋಡಿ. ಎರಡು 20 ವಾಟಿನವು ಸೇರಿ ಎಳೆಯುವುದು ಮೂರೂವರೆ ಆಂಪಿನೊಳಗೇ. ಅದಕ್ಕೆ 5 ಆಂಪ್ ಫ್ಯೂಸ್ ಸಾಕು.

ಪರೀಕ್ಷೆ

ಬ್ಯಾಟರಿ ಮತ್ತೆ ಕೂಡಿಸಿ, ಫ್ಯೂಸನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಸ್ವಿಚ್ ಒತ್ತಿ. ಟಕ್ ಸದ್ದು ಬಂದೂ ಬೆಳಕಿಲ್ಲದಿದ್ದರೆ ದೊಡ್ಡ ಫ್ಯೂಸ್, 30, 87, ಲ್ಯಾಂಪಿನ ಅರ್ಥ್ ನೋಡಿ. ಸದ್ದೇ ಇಲ್ಲವೆಂದರೆ ತಪ್ಪು 85, 86 ಅಥವಾ ಸ್ವಿಚ್ಚಿನ ಕಡೆ ಇದೆ.

ಉರಿಯಿತೆಂದು ಅಲ್ಲಿಗೇ ಬಿಡಬೇಡಿ. ಎಂಜಿನ್ ಓಡುತ್ತಿರುವಾಗ, ಲ್ಯಾಂಪ್ ಉರಿಯುತ್ತಿರುವಾಗ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ, ಆಮೇಲೆ ಲ್ಯಾಂಪಿನ ಎರಡು ತುದಿಯಲ್ಲಿ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ಕೆಲಸ ಚೆನ್ನಾಗಿದೆ. 15 ನಿಮಿಷ ಉರಿಸಿ ವೈರ್, ಫ್ಯೂಸ್ ಹೋಲ್ಡರ್ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿ ಇದ್ದರೆ ಆ ಜಾಯಿಂಟ್ ಮತ್ತೆ ಮಾಡಿ.

ಇನ್ನು ಬೆಳಕಿನ ದಿಕ್ಕು. ಎದುರಿನವರ ಕಣ್ಣು ಕುಕ್ಕುವ ಲೈಟು ಕಾನೂನಿಗೂ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸಿನ ಡ್ರೈವರಿಗೆ ಕಣ್ಣು ಕತ್ತಲಾದರೆ ಪ್ರಪಾತದ ಅಂಚಿನಲ್ಲಿರುವವರು ನಾವೂ ಹೌದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ. ಲ್ಯಾಂಪಿನ ನಡುಭಾಗ ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆದು ಗೋಡೆ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅದರ 4 ಇಂಚು ಕೆಳಗೆ ಇನ್ನೊಂದು ಗೆರೆ. ಬೆಳಕಿನ ಮೇಲಿನ ಅಂಚು ಆ ಎರಡನೇ ಗೆರೆಯ ಮೇಲೆ ಕೂರುವಂತೆ ಲ್ಯಾಂಪ್ ಬಗ್ಗಿಸಿ, ನಟ್ಟು ಬಿಗಿಯಿರಿ. ಒಂದು ತಿಂಗಳು ಓಡಿಸಿದ ಮೇಲೆ ಅದೇ ಗೋಡೆಗೆ ಹಿಡಿದು ಇನ್ನೊಮ್ಮೆ ನೋಡಿ. ನಮ್ಮ ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗಿರುತ್ತದೆ.